ಫ್ರಾಂಕ್ ಟೈಸನ್: ಆಟಗಾರ, ಅಧ್ಯಾಪಕ

ದೇಹಬಲವನ್ನೇ ನಂಬಿದ ಕ್ರೀಡಾಪಟುವಿನ ಆಟಕ್ಕೆ ಆಯುಷ್ಯ ಕಡಮೆ. ಮೂವತ್ತು ದಾಟುವಷ್ಟರಲ್ಲಿ ವೇಗದ ಬೌಲರನ ಕಾಲುಗಳು ದಣಿಯತೊಡಗುತ್ತವೆ. ಬಾಳಾದರೋ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಅದನ್ನು ಯಾವುದರಿಂದ ತುಂಬಬೇಕು? ಇಂಗ್ಲೆಂಡಿನ ಫ್ರಾಂಕ್ ಟೈಸನ್ ಈ ಪ್ರಶ್ನೆಗೆ ಶಾಲೆಯ ತರಗತಿಯಲ್ಲಿ ಉತ್ತರ ಕಂಡುಕೊಂಡರು.

ಟೈಸನ್ ಹುಟ್ಟಿದ್ದು 1930ರ ಜೂನ್ 6ರಂದು, ಲ್ಯಾಂಕಷೈರಿನ ಫಾರ್ನ್‌ವರ್ತ್ ಎಂಬ ಊರಿನಲ್ಲಿ. ಡರ್ಹಮ್ ವಿಶ್ವವಿದ್ಯಾನಿಲಯದಲ್ಲಿ ಅವರು ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡಿ ಪದವಿ ಪಡೆದರು. ಚೆಂಡೆಸೆಯಲು ಹಿಂದಕ್ಕೆ ನಡೆದುಹೋಗುವಾಗ ಅವರು ವರ್ಡ್ಸ್‌ವರ್ತ್ ಕವಿಯ ಸಾಲುಗಳನ್ನು ಮನದಲ್ಲಿ ಗುನುಗಿಕೊಳ್ಳುತ್ತಿದ್ದರೆಂದು ಹೇಳುತ್ತಾರೆ.

ಕೌಂಟಿ ಎಂದರೆ ಹೆಚ್ಚುಕಡಮೆ ನಮ್ಮ ಜಿಲ್ಲೆಯಂತಹ ಪ್ರದೇಶ. ಆ ಕಾಲದಲ್ಲಿ 17 ಕೌಂಟಿ ತಂಡಗಳು ಬೇಸಗೆಯುದ್ದಕ್ಕೂ ತಮ್ಮತಮ್ಮೊಳಗೆ ಸೆಣಸುತ್ತಿದ್ದವು. ಆಟಗಾರರಲ್ಲಿ ಎರಡು ವರ್ಗಗಳಿದ್ದವು: ವೇತನವಿಲ್ಲದೆ ಆಡುವ ಹವ್ಯಾಸಿಗಳು ಮತ್ತು ಆಟವನ್ನೇ ಜೀವನೋಪಾಯ ಮಾಡಿಕೊಂಡ ವೃತ್ತಿಪರರು. 1962ರಲ್ಲಿ ರದ್ದುಗೊಳಿಸಲು ತೀರ್ಮಾನವಾಗುವವರೆಗೂ ಈ ಭೇದ ನಡೆದುಬಂದಿತು. ವಿಶ್ವವಿದ್ಯಾನಿಲಯಗಳಿಂದ ಬಂದವರು ಸಾಮಾನ್ಯವಾಗಿ ಹವ್ಯಾಸಿಗಳಾಗಿರುತ್ತಿದ್ದರು. ಟೈಸನ್ನರಾದರೋ ಪದವೀಧರರಾಗಿದ್ದೂ ವೃತ್ತಿಪರರಾದರು. ತವರಿನ ಲ್ಯಾಂಕಷೈರ್ ತಂಡದಲ್ಲಿ ಸ್ಥಾನ ದೊರೆಯದಿದ್ದಾಗ ನಾರ್ತಾಂಪ್ಟನ್‌ಷೈರ್ ತಂಡವನ್ನು ಸೇರಿ, 1952ರಿಂದ 1960ರವರೆಗೆ ಅದರ ಪರವಾಗಿ ಆಡಿದರು.

1954ರ ಕೊನೆಯಲ್ಲಿ ಇಂಗ್ಲೆಂಡ್ ತಂಡದೊಡನೆ ಅವರು ಆಸ್ಟ್ರೇಲಿಯಾಕ್ಕೆ ಹೋದರು. ಬ್ರಿಸ್ಬೇನಿನ ಮೊದಲ ಟೆಸ್ಟ್ ಪಂದ್ಯದಲ್ಲಿ 160 ಓಟಗಳನ್ನು ಕೊಟ್ಟು ಗಳಿಸಿದ್ದು ಒಂದೇ ವಿಕೆಟ್. ಇಂಗ್ಲೆಂಡ್ ಇನಿಂಗ್ಸ್ ಸೋಲನ್ನು ಅನುಭವಿಸಿತು. ಟೈಸನ್ ಧೃತಿಗೆಡಲಿಲ್ಲ. ಬಹು ದೂರದಿಂದ ಓಡಿಬರುವುದರಲ್ಲೇ ಶಕ್ತಿ ವ್ಯಯವಾಗುತ್ತಿದೆಯೆಂದು ಅರಿತು, ಓಟದ ದೂರವನ್ನು ಕಡಮೆ ಮಾಡಿಕೊಂಡರು. ಸಿಡ್ನಿಯ ಎರಡನೆಯ ಪಂದ್ಯದಲ್ಲಿ ಬ್ಯಾಟ್ ಮಾಡುತ್ತಿದ್ದಾಗ ಲಿಂಡ್‌ವಾಲ್ ಎಸೆದ ಚೆಂಡು ತಲೆಗೆ ಬಡಿದು ಕುಸಿದುಬಿದ್ದರು. ಆದರೂ ಮತ್ತೆ ಬಂದು ಚೆಂಡೆಸೆದು, ಕೊನೆಯ ಇನಿಂಗ್ಸಿನಲ್ಲಿ 85 ಓಟಗಳಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 38 ಓಟಗಳಿಂದ ಗೆದ್ದಿತು. 1955ರ ಜನವರಿಯಲ್ಲಿ ಮೆಲ್ಬರ್ನಿನ ಮೂರನೆಯ ಪಂದ್ಯದಲ್ಲಿ ಅವರು ಬರಿಯ 27 ಓಟಗಳಿಗೆ 7 ವಿಕೆಟ್ ಪಡೆದರು; ಆಸ್ಟ್ರೇಲಿಯಾ 111 ಓಟಗಳಿಗೆ ಕುಸಿಯಿತು. ಜನರು ಅವರನ್ನು 'ಟೈಫೂನ್', ಅಂದರೆ ಚಂಡಮಾರುತ, ಎಂದು ಕರೆದರು.

ಆದರೆ ಚಂಡಮಾರುತ ಬಹುಕಾಲ ಬೀಸಲಾರದು. ಅತಿ ವೇಗದ ಎಸೆತದಿಂದ ದೇಹಕ್ಕೆ ಮೇಲಿಂದ ಮೇಲೆ ಪೆಟ್ಟುಗಳಾದವು. 17 ಟೆಸ್ಟ್ ಪಂದ್ಯಗಳಲ್ಲಿ 76 ವಿಕೆಟ್‌ಗಳನ್ನು ಗಳಿಸಿದ ಟೈಸನ್ 1960ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿಯೇ, ಕೌಂಟಿ ಆಟವನ್ನು ಬಿಟ್ಟರು.

ಆಗ ಅವರಿಗೆ ಆಸರೆಯಾದುದು ಹಿಂದೆ ಕಲಿತ ವಿದ್ಯೆ. ಆಸ್ಟ್ರೇಲಿಯಾಕ್ಕೆ ವಲಸೆ ಹೋಗಿ ಮೆಲ್ಬರ್ನಿನ ಕೇರಿ ಬ್ಯಾಪ್ಟಿಸ್ಟ್ ಗ್ರಾಮರ್ ಶಾಲೆಯಲ್ಲಿ ಅಧ್ಯಾಪಕರಾದರು. ಇಂಗ್ಲಿಷ್, ಫ್ರೆಂಚ್ ಮತ್ತು ಇತಿಹಾಸ ಅವರು ಬೋಧಿಸಿದ ವಿಷಯಗಳು. ತಾವು ಯಾವ ನಗರದ ಮೈದಾನದಲ್ಲಿ ಎದುರಾಳಿಗಳನ್ನು ತತ್ತರಗೊಳಿಸಿದ್ದರೋ ಅದೇ ನಗರದ ಮಕ್ಕಳಿಗೆ ಅವರು ಗುರುವಾದರು. ಆ ಮಕ್ಕಳ ತಂದೆಯರಲ್ಲಿ ಅಂದಿನ ಸೋಲನ್ನು ಮರೆಯದವರು ಅನೇಕರು ಇದ್ದಿರಬೇಕು. ಆದರೂ ಆ ನಾಡು ಅವರನ್ನು ತನ್ನವರನ್ನಾಗಿ ಸ್ವೀಕರಿಸಿತು.

ಮುಂದೆ ವಿಕ್ಟೋರಿಯಾ ರಾಜ್ಯದ ಕ್ರಿಕೆಟ್ ತರಬೇತಿಯ ಹೊಣೆಯನ್ನೂ ಅವರು ವಹಿಸಿಕೊಂಡರು. ಆಟದ ಬಗೆಗೆ ಪುಸ್ತಕಗಳನ್ನು ಬರೆದರು. ಆಕಾಶವಾಣಿಯಲ್ಲಿ ವೀಕ್ಷಕ ವಿವರಣೆ ನೀಡಿದರು. ಭಾರತಕ್ಕೂ ಬಂದು ಮುಂಬಯಿಯ ತರುಣ ವೇಗದ ಬೌಲರುಗಳಿಗೆ ತರಬೇತಿ ಕೊಟ್ಟರು. ತನ್ನ ದೋಷವನ್ನು ತಾನೇ ಕಂಡುಹಿಡಿದು ತಿದ್ದಿಕೊಂಡವನು ಇತರರ ದೋಷವನ್ನು ತಾಳ್ಮೆಯಿಂದ ತಿದ್ದಬಲ್ಲನು. ಬ್ರಿಸ್ಬೇನಿನ ಸೋಲು ಅವರಿಗೆ ಈ ಪಾಠವನ್ನು ಕಲಿಸಿತ್ತು.

2015ರ ಸೆಪ್ಟೆಂಬರ್ 27ರಂದು, 85ನೆಯ ವಯಸ್ಸಿನಲ್ಲಿ ಟೈಸನ್ ನಿಧನ ಹೊಂದಿದರು. ಅವರ ಕೌಂಟಿ ಆಟ ಒಂದು ದಶಕವನ್ನೂ ತುಂಬಲಿಲ್ಲ. ಕಲಿಯುವ ಮತ್ತು ಕಲಿಸುವ ಕೆಲಸವಾದರೋ ಅದರ ಅನೇಕ ಪಾಲು ದೀರ್ಘವಾಗಿತ್ತು. ತೋಳಿನ ಬಲ ಅವರಿಗೆ ಕೀರ್ತಿಯನ್ನು ತಂದಿತು. ಆ ಬಲ ಕುಂದಿದ ಮೇಲೆ ಬಾಳಿಗೆ ಆಧಾರವಾದುದು ವಿದ್ಯೆ.