ಹಾಡು ಗೊತ್ತು, ಹೆಸರು ಗೊತ್ತೇನ್ರಿ?

ನವೆಂಬರ್ ಬಂತೆಂದರೆ ಸಾಕು, ನಮ್ಮ ಶಿವಮೊಗ್ಗದಲ್ಲಿ ಸರ್ಕಲ್ಲಿಗೊಂದು ಬಾವುಟ, ಬಾವುಟಕ್ಕೊಂದು ಮೈಕು. ಮೈಕು ಕಟ್ಟಿದ ಮೇಲೆ ‘ನಿತ್ಯೋತ್ಸವ’ ಬಾರದೆ ಇರುವುದುಂಟೆ? ಗಾಂಧಿ ಬಜಾರಿನ ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಗುನುಗುತ್ತಾರೆ. ಸಾಗರದ ಬಸ್ಸಿಗೆ ಕಾದು ನಿಂತವರ ಕಾಲು ತಾನಾಗಿ ತಾಳ ಹಾಕುತ್ತದೆ. ಆದರೆ ಪದ್ಯ ಬರೆದವರು ಯಾರು, ರಾಗ ಹಾಕಿದವರು ಯಾರು ಎಂದು ಕೇಳಿ ನೋಡಿ. ‘ಯಾವುದೋ ಸಿನಿಮಾದ್ದಿರಬೇಕು ಬಿಡ್ರಿ’ ಅನ್ನುವವರೂ ಇದ್ದಾರೆ!

ಸಿನಿಮಾಕ್ಕೆ ಹುಟ್ಟಿದ ಹಾಡಲ್ಲ ಸ್ವಾಮಿ ಇದು. ಪದ್ಯ ಪ್ರೊ. ಕೆ.ಎಸ್. ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿಯವರದು. 1978ರಲ್ಲಿ ಇದೇ ಹೆಸರಿನ ಕ್ಯಾಸೆಟ್ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂಬ ಹೆಸರು ಅದಕ್ಕಿದೆ. ಹೀರೋ ಇಲ್ಲ, ಪೋಸ್ಟರ್ ಇಲ್ಲ, ಟಾಕೀಸಿನ ಮುಂದೆ ಕ್ಯೂ ಇಲ್ಲ. ಕೇಳಿದವರು ಪಕ್ಕದವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ ಹೇಳಿದರು. ಆದ ಪ್ರಚಾರ ಅದು.

ನಿಸಾರ್ ನಮ್ಮೂರಿಗೆ ಪರಕೀಯರೇನಲ್ಲ. ಕಲಿಸಿದ್ದು ಭೂವಿಜ್ಞಾನ, ಅಂದರೆ ಕಲ್ಲುಮಣ್ಣಿನ ಶಾಸ್ತ್ರ. ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. ಜೋಗ, ತುಂಗೆ, ಸಹ್ಯಾದ್ರಿಯ ಕಾಡು ಆ ಪದ್ಯದೊಳಗೆ ಬಂದು ಕೂತದ್ದು ಸುಮ್ಮಸುಮ್ಮನೆ ಅಲ್ಲ. 2006ರಲ್ಲಿ 73ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆದಾಗ ಅಧ್ಯಕ್ಷರು ಅವರೇ. 2020ರ ಮೇ ತಿಂಗಳಲ್ಲಿ ತೀರಿಕೊಂಡರು.

ಪದ್ಯ ಪುಸ್ತಕದಲ್ಲೇ ಉಳಿದಿದ್ದರೆ ಓದುವವರು ಎಷ್ಟು ಮಂದಿ? ಅದನ್ನು ಬೀದಿಗೆ ತಂದವರು ಅನಂತಸ್ವಾಮಿ. ತಾವೇ ರಾಗ ಕಟ್ಟಿ, ತಾವೇ ಹಾಡುತ್ತಿದ್ದವರು. ರಾಜರತ್ನಂ ಅವರ ‘ರತ್ನನ ಪದಗಳು’ ಅವರ ಕಂಠದಲ್ಲಿ ಕೇಳಿದವರಿಗೆ ರತ್ನನೇ ಎದುರು ಬಂದು ನಿಂತ ಹಾಗೆ. ಗಂಟಲಿನ ಕಸರತ್ತು ತೋರಿಸುವ ಚಪಲವಿಲ್ಲ. ಕವಿಯ ಮಾತು ಮುಂದೆ, ರಾಗ ಅದರ ಹಿಂದೆ. ಶಾಸ್ತ್ರೀಯ ಸಂಗೀತದ ಗಂಧಗಾಳಿ ಇಲ್ಲದವನೂ ಒಮ್ಮೆ ಕೇಳಿ ಎರಡನೇ ಸಲ ದನಿಗೂಡಿಸಬಹುದು. ಜನ ಮೆಚ್ಚಿದ್ದು ಇದನ್ನೇ.

ಆಗ ಟೇಪ್ ರೆಕಾರ್ಡರ್ ಮನೆಮನೆಯಲ್ಲಿ ಇರಲಿಲ್ಲ. ಇದ್ದವರ ಜಗುಲಿಗೆ ಅಕ್ಕಪಕ್ಕದವರು ಬಂದು ಕೂರುತ್ತಿದ್ದರು. ಟೇಪು ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತುವುದು. ದುಡ್ಡು ಸಾಲದವರು ಖಾಲಿ ಕ್ಯಾಸೆಟ್ ಕೊಂಡು ಅಂಗಡಿಯಲ್ಲಿ ಹಾಡು ತುಂಬಿಸಿಕೊಳ್ಳುತ್ತಿದ್ದರು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ‘ಭಾವಗೀತೆ’ ಎಂದಷ್ಟೇ ಬರೆದಿರುತ್ತಿತ್ತು. ಹೆಸರು ಅಳಿಸಿಹೋಗಲು ಶುರುವಾದದ್ದು ಅಲ್ಲಿಂದ. ಹೆಸರಿನ ಜೊತೆಗೆ ನ್ಯಾಯವಾಗಿ ಸಲ್ಲಬೇಕಾದ ಕಾಸೂ ತಪ್ಪಿತು. ಈಗ ಕ್ಯಾಸೆಟ್ ಹೋಗಿ ಮೊಬೈಲು, ಪೆನ್‌ಡ್ರೈವ್ ಬಂದಿವೆ. ಚಾಳಿ ಮಾತ್ರ ಹಾಗೇ ಇದೆ.

ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದಲ್ಲಿ ಪಾಲು ಕೊಡಲೇಬೇಕೆಂದು ಕಾನೂನು ಗಟ್ಟಿಯಾದದ್ದು 2012ರ ಕಾಪಿರೈಟ್ ತಿದ್ದುಪಡಿಯಲ್ಲಿ. ಅನಂತಸ್ವಾಮಿ 1995ರಲ್ಲೇ ಕಣ್ಣು ಮುಚ್ಚಿದ್ದರು.

ಅವರ ಹೆಸರು ಮತ್ತೆ ಪತ್ರಿಕೆಗಳಲ್ಲಿ ಕಂಡದ್ದು ನಾಡಗೀತೆಯ ತಕರಾರಿನಲ್ಲಿ. ಕುವೆಂಪು ಅವರ ಗೀತೆ 2004ರಲ್ಲೇ ನಾಡಗೀತೆಯಾದರೂ ಯಾರ ಧಾಟಿಯಲ್ಲಿ ಹಾಡಬೇಕೆಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾಯಿತು. ಪ್ರಶ್ನಿಸಿ ಹೋದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ಮನುಷ್ಯ ಹೋಗಿ 27 ವರ್ಷವಾದ ಮೇಲೆ ಸರ್ಕಾರದ ಮನ್ನಣೆ! ಕೇಳುಗರು ಅದನ್ನು ಯಾವತ್ತೋ ಕೊಟ್ಟಿದ್ದರು.

ಈಗ ನಮ್ಮ ಕೈಯಲ್ಲಿ ಆಗುವ ಕೆಲಸ ಒಂದಿದೆ. ರಾಜ್ಯೋತ್ಸವದ ವೇದಿಕೆಯಲ್ಲಿ ದಾನಿಗಳ ಪಟ್ಟಿ ಓದಲು ಅರ್ಧ ಗಂಟೆ ಸಿಗುತ್ತದೆ. ಹಾಡಿಗೆ ಮುಂಚೆ ಕವಿಯದೊಂದು, ರಾಗ ಹಾಕಿದವರದೊಂದು, ಹೀಗೆ ಎರಡು ಹೆಸರು ಹೇಳಲು ಹತ್ತು ಸೆಕೆಂಡು ಸಿಗುವುದಿಲ್ಲವೆ? ಕಮಿಟಿಯವರು ಯೋಚಿಸಲಿ.

ಇವತ್ತಿಗೂ ಸಾಲಸೋಲ ಮಾಡಿ, ಸ್ವಂತ ಹಾಡು ಮುದ್ರಿಸಿ ತರುವ ಹುಡುಗ ಹುಡುಗಿಯರು ಇದ್ದಾರೆ. ಅಂಥವರು ಎದುರು ಸಿಕ್ಕರೆ ‘ಚೆನ್ನಾಗಿದೆ ಕಣಪ್ಪ, ಮೊಬೈಲಿಗೆ ಫ್ರೀ ಕಳಿಸು’ ಅನ್ನಬೇಡಿ. ಎರಡು ಕಾಫಿಯ ದುಡ್ಡು ಕೊಟ್ಟು ಕೇಳಿ. ಹಿಡಿಸಿದರೆ ನಾಲ್ಕು ಜನಕ್ಕೆ ಹೇಳಿ, ಹೇಳುವಾಗ ಹೆಸರನ್ನೂ ಸೇರಿಸಿ ಹೇಳಿ.