ಕಾಯಿದೆ ಬ್ರಸೆಲ್ಸ್‌ನದು, ತಪಾಸಣೆ ಹ್ಯಾಂಬರ್ಗಿನದು

ಯೂರೋಪಿಗೆ ಸಿದ್ಧ ಉಡುಪು, ಚರ್ಮದ ಸಾಮಾನು, ವಿದ್ಯುನ್ಮಾನ ಬಿಡಿಭಾಗ ಅಥವಾ ಅಗರಬತ್ತಿ ಕಳುಹಿಸುವ ನಮ್ಮ ರಫ್ತುದಾರರಿಗೆ ಖರೀದಿ ಆದೇಶದ ಜೊತೆಯಲ್ಲೇ ಒಂದು ಪುಟದ ಘೋಷಣಾ ಪತ್ರವೂ ಬರುವುದು ವಾಡಿಕೆಯಾಗಿದೆ. ಸರಕು ರೀಚ್ ಕಾಯಿದೆಗೆ ಅನುಗುಣವಾಗಿದೆ ಎಂಬ ಅರ್ಥದ ನಾಲ್ಕು ಸಾಲು, ಕೆಳಗೆ ಸಹಿ ಮತ್ತು ಮೊಹರಿಗೆ ಸ್ಥಳ. ಇನ್‌ವಾಯ್ಸ್‌ಗೆ ಬೀಳುವಷ್ಟೇ ಸಲೀಸಾಗಿ ಈ ಪತ್ರಕ್ಕೂ ಸಹಿ ಬೀಳುತ್ತದೆ. ಸಹಿ ಮಾಡಿದ ಮಾತನ್ನು ಮುಂದೆ ಪರೀಕ್ಷಿಸುವವರು ಯಾರು, ಯಾವ ದೇಶದ ಯಾವ ಕಾನೂನಿನ ಬಲದಿಂದ ಎಂಬುದನ್ನು ವಿಚಾರಿಸುವವರು ವಿರಳ. ಈ ಲೇಖನದ ವಸ್ತು ಅದೇ.

ರಾಸಾಯನಿಕ ವಸ್ತುಗಳ ನೋಂದಣಿ, ಮೌಲ್ಯಮಾಪನ, ಅನುಮತಿ ಮತ್ತು ನಿರ್ಬಂಧಗಳನ್ನು ಒಳಗೊಂಡ ರೀಚ್ ಕಾಯಿದೆಯು 2006ರ ಡಿಸೆಂಬರ್ 18ರಂದು ಅಂಗೀಕಾರಗೊಂಡು 2007ರ ಜೂನ್ 1ರಿಂದ ಜಾರಿಗೆ ಬಂದಿತು. ಇದರ ಆಡಳಿತಕ್ಕೆಂದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಯೂರೋಪಿಯನ್ ರಾಸಾಯನಿಕ ಸಂಸ್ಥೆ ಸ್ಥಾಪನೆಯಾಯಿತು. ಆದರೆ ಬಂದರಿನಲ್ಲಿ ನಿಂತು ಕಂಟೇನರ್ ತೆರೆಯಿಸುವ ಇನ್‌ಸ್ಪೆಕ್ಟರು ಹೆಲ್ಸಿಂಕಿಯವನಲ್ಲ. ಕಾಯಿದೆಯ 125ನೆಯ ಅನುಚ್ಛೇದವು ತಪಾಸಣೆಯ ಹೊಣೆಯನ್ನು ಸದಸ್ಯ ರಾಷ್ಟ್ರಗಳಿಗೆ ವಹಿಸಿದೆ. 126ನೆಯ ಅನುಚ್ಛೇದವು ಪರಿಣಾಮಕಾರಿಯಾದ, ತಪ್ಪಿಗೆ ತಕ್ಕ ಪ್ರಮಾಣದ, ಇತರರಿಗೂ ಅಂಜಿಕೆ ಹುಟ್ಟಿಸುವ ದಂಡನೆಯನ್ನು ಆಯಾ ರಾಷ್ಟ್ರವೇ ಗೊತ್ತುಪಡಿಸತಕ್ಕದ್ದೆಂದು ವಿಧಿಸಿದೆ. ಈ ಎರಡು ಅನುಚ್ಛೇದಗಳಿಂದಲೇ ಒಂದು ಯೂರೋಪಿಯನ್ ಕಾಯಿದೆಯ ಕೆಳಗೆ ಹಲವಾರು ರಾಷ್ಟ್ರೀಯ ನಿಯಮಾವಳಿಗಳು ಹುಟ್ಟಿಕೊಂಡವು.

ರೆಗ್ಯುಲೇಷನ್ ಮತ್ತು ಡೈರೆಕ್ಟಿವ್

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಯೂರೋಪಿಯನ್ ಒಕ್ಕೂಟದ ಶಾಸನಗಳಲ್ಲಿ ರೆಗ್ಯುಲೇಷನ್ ಎಂಬುದು ಎಲ್ಲ ಸದಸ್ಯ ರಾಷ್ಟ್ರಗಳಲ್ಲಿ ನೇರವಾಗಿ ಕಾನೂನಾಗುತ್ತದೆ. ಡೈರೆಕ್ಟಿವ್ ಎಂಬುದು ಸಾಧಿಸಬೇಕಾದ ಗುರಿಯನ್ನು ಹೇಳುತ್ತದೆ. ಅದನ್ನು ತನ್ನ ಕಾನೂನಿನೊಳಗೆ ಇಳಿಸಿಕೊಳ್ಳುವುದು ಆಯಾ ರಾಷ್ಟ್ರದ ಕೆಲಸ. ರೀಚ್ ಮೊದಲನೆಯ ಬಗೆಯದು. ವಿದ್ಯುನ್ಮಾನ ಉಪಕರಣಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದವನ್ನು ನಿರ್ಬಂಧಿಸಿ 2006ರ ಜುಲೈ 1ರಿಂದ ಅನ್ವಯವಾದ ರೋಹ್ಸ್ ಎರಡನೆಯ ಬಗೆಯದು. ರೀಚ್‌ನಲ್ಲಿ ಕರ್ತವ್ಯಗಳು ಎಲ್ಲೆಡೆ ಒಂದೇ, ದಂಡನೆ ಮಾತ್ರ ಬೇರೆ ಬೇರೆ. ರೋಹ್ಸ್‌ನಲ್ಲಿ ಕರ್ತವ್ಯಗಳನ್ನೂ ರಾಷ್ಟ್ರೀಯ ಕಾನೂನಿನ ಪಠ್ಯದಲ್ಲೇ ಓದಬೇಕು.

ದಂಡನೆಯ ಅಂತರ ಅಲ್ಪವೇನಲ್ಲ. ಐರ್ಲೆಂಡ್ ತನ್ನ 2008ರ ರಾಸಾಯನಿಕ ಅಧಿನಿಯಮದಲ್ಲಿ ಗಂಭೀರ ಪ್ರಕರಣಗಳಿಗೆ 30 ಲಕ್ಷ ಯೂರೋವರೆಗಿನ ದಂಡವನ್ನೂ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ಗೊತ್ತುಪಡಿಸಿತು. ಬ್ರಿಟನ್ನಿನ 2008ರ ರೀಚ್ ಜಾರಿ ನಿಯಮಾವಳಿ ಅದೇ ಸೆರೆವಾಸದ ಜೊತೆಗೆ, ದೋಷಾರೋಪಣೆಯಾಗಿ ಮೇಲಿನ ನ್ಯಾಯಾಲಯಕ್ಕೆ ಹೋದ ಪ್ರಕರಣಗಳಲ್ಲಿ, ಮಿತಿಯಿಲ್ಲದ ದಂಡಕ್ಕೂ ಅವಕಾಶ ಕೊಟ್ಟಿತು. ಜರ್ಮನಿ ತನ್ನ 1980ರ ರಾಸಾಯನಿಕ ಅಧಿನಿಯಮವನ್ನು ತಿದ್ದಿ, 2013ರಲ್ಲಿ ಪ್ರತ್ಯೇಕ ದಂಡನಾ ನಿಯಮಾವಳಿಯನ್ನೂ ಹೊರಡಿಸಿತು. ಅಲ್ಲಿ ಒಕ್ಕೂಟ ಸರ್ಕಾರದ ರಾಸಾಯನಿಕ ಕಚೇರಿ ಡಾರ್ಟ್‌ಮುಂಡ್‌ನಲ್ಲಿದ್ದರೂ ತಪಾಸಣೆ ನಡೆಸುವವರು ರಾಜ್ಯಗಳ ಅಧಿಕಾರಿಗಳು. ಬವೇರಿಯದ ಅಂಗಡಿಯಲ್ಲಿನ ಅಂಗಿಯನ್ನೂ ಹ್ಯಾಂಬರ್ಗ್ ಬಂದರಿನಲ್ಲಿನ ಅಂಗಿಯನ್ನೂ ನೋಡುವ ಕಣ್ಣುಗಳು ಬೇರೆ.

ಒಂದು ಬಣ್ಣದ ಕಥೆ

ರಾಷ್ಟ್ರೀಯ ನಿಯಮವೆಂದರೆ ಬ್ರಸೆಲ್ಸ್‌ನ ಹಿಂದೆ ಬರುವ ಜಾರಿ ವ್ಯವಸ್ಥೆ ಮಾತ್ರ ಎಂದು ಭಾವಿಸಿದರೆ ಅರ್ಧ ಸತ್ಯವನ್ನಷ್ಟೇ ತಿಳಿದಂತಾಯಿತು. ನಮ್ಮ ಉದ್ಯಮಕ್ಕೆ ಹೆಚ್ಚು ಪೆಟ್ಟು ಕೊಟ್ಟಿರುವುದು ಯೂರೋಪಿಗಿಂತ ಮುಂಚೆಯೇ ಬಂದ ರಾಷ್ಟ್ರೀಯ ನಿಯಮ.

1989ರ ಡಿಸೆಂಬರಿನಲ್ಲಿ ಜರ್ಮನಿ ಪೆಂಟಾಕ್ಲೋರೋಫಿನಾಲ್ ಎಂಬ ಬೂಷ್ಟುನಿರೋಧಕವನ್ನು ನಿಷೇಧಿಸಿ, ಸರಕಿನಲ್ಲಿ ಕಿಲೋಗ್ರಾಂಗೆ 5 ಮಿಲಿಗ್ರಾಂನ ಮಿತಿ ಹಾಕಿತು. ಚರ್ಮ ಹದಮಾಡುವಲ್ಲಿ ಇದರ ಬಳಕೆ ಸಾಮಾನ್ಯವಾಗಿದ್ದ ಭಾರತದ ಚರ್ಮೋದ್ಯಮ ಆಗ ತತ್ತರಿಸಿತು. ಒಕ್ಕೂಟದ ಮಿತಿಗಿಂತ ಬಿಗಿಯಾದ ಈ ನಿಯಮಕ್ಕೆ ಯೂರೋಪಿಯನ್ ಆಯೋಗ ಒಪ್ಪಿಗೆ ನೀಡಿದ್ದನ್ನು ಫ್ರಾನ್ಸ್ ಪ್ರಶ್ನಿಸಿತು. ಆಯೋಗ ಸಕಾರಣ ವಿವರಣೆ ಕೊಟ್ಟಿಲ್ಲವೆಂದು ಯೂರೋಪಿಯನ್ ನ್ಯಾಯಾಲಯ 1994ರ ಮೇ ತಿಂಗಳಲ್ಲಿ ಆ ಒಪ್ಪಿಗೆಯನ್ನು ರದ್ದುಪಡಿಸಿತು. ಅದೇ ಸೆಪ್ಟೆಂಬರಿನಲ್ಲಿ ಆಯೋಗ ವಿವರವಾದ ಕಾರಣಗಳೊಡನೆ ಮತ್ತೆ ಒಪ್ಪಿಗೆ ನೀಡಿತು. ಬಿಗಿ ನಿಯಮವೊಂದು ಯಾರೋ ನ್ಯಾಯಾಲಯಕ್ಕೆ ಹೋದ ಮಾತ್ರಕ್ಕೆ ಸಡಿಲವಾದೀತೆಂದು ಕಾದು ಕುಳಿತವರಿಗೆ ಲಾಭವೇನೂ ಆಗಲಿಲ್ಲ.

ಆಜೋ ಬಣ್ಣಗಳ ಕಥೆ ಜವಳಿ ವ್ಯಾಪಾರಿಗಳಿಗೆ ಇನ್ನೂ ಹತ್ತಿರದ್ದು. 1994ರಲ್ಲಿ ಜರ್ಮನಿ ತನ್ನ ಗ್ರಾಹಕ ಬಳಕೆಯ ವಸ್ತುಗಳ ನಿಯಮಾವಳಿಗೆ ತಿದ್ದುಪಡಿ ತಂದು, ಕ್ಯಾನ್ಸರ್‌ಕಾರಕ ಅರೊಮ್ಯಾಟಿಕ್ ಅಮೈನ್‌ಗಳನ್ನು ಬಿಡುಗಡೆ ಮಾಡಬಲ್ಲ ಆಜೋ ಬಣ್ಣಗಳನ್ನು ಮೈಗೆ ತಾಗುವ ಸರಕುಗಳಲ್ಲಿ ನಿಷೇಧಿಸಿತು. ಭಾರತ ಸರ್ಕಾರ 1997ರ ಮಾರ್ಚ್‌ನಲ್ಲಿ 70 ಆಜೋ ಬಣ್ಣಗಳ ನಿರ್ವಹಣೆಯನ್ನು ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ಯೂರೋಪ್ ಇಡೀ ಒಕ್ಕೂಟಕ್ಕೆ ಡೈರೆಕ್ಟಿವ್ ತಂದದ್ದು 2002ರಲ್ಲಿ. ಅಂದರೆ ನಮಗಿಂತಲೂ ತಡವಾಗಿ. 2009ರಲ್ಲಿ ಆ ನಿರ್ಬಂಧ ರೀಚ್‌ನ 17ನೆಯ ಅನುಬಂಧದೊಳಗೆ ಸೇರಿತು. ಅದರಂತೆ ಪಟ್ಟಿ ಮಾಡಿದ 22 ಅಮೈನ್‌ಗಳಲ್ಲಿ ಯಾವುದೂ ಹತ್ತು ಲಕ್ಷಕ್ಕೆ 30 ಭಾಗವನ್ನು ಮೀರಕೂಡದು.

ಪ್ರಾಸಂಗಿಕವಾಗಿ ಒಂದು ಮಾತು. ನಮ್ಮ ಮಾರುಕಟ್ಟೆಯಲ್ಲಿ ‘ಆಜೋ ಫ್ರೀ’ ಎಂಬ ಲೇಬಲ್ ಧಾರಾಳವಾಗಿ ಕಾಣಸಿಗುತ್ತದೆ. ನಿಷೇಧವಿರುವುದು ಎಲ್ಲ ಆಜೋ ಬಣ್ಣಗಳಿಗಲ್ಲ. ಜವಳಿ ಬಣ್ಣಗಳಲ್ಲಿ ಬಹುದೊಡ್ಡ ಪಾಲು ಆಜೋ ವರ್ಗದವೇ ಆಗಿದ್ದು, ಆಕ್ಷೇಪ ಇರುವುದು ಒಡೆದಾಗ ಆ 22 ಅಮೈನ್‌ಗಳಲ್ಲೊಂದನ್ನು ಬಿಡುವ ಬಣ್ಣಗಳಿಗೆ ಮಾತ್ರ. ಲೇಬಲ್ ನಂಬಿ ಬಣ್ಣ ಕೊಂಡು, ಹ್ಯಾಂಕ್ ಪರೀಕ್ಷಿಸದೆ ನೇಯ್ದು ಕಳುಹಿಸಿದರೆ ಉತ್ತರ ಹೇಳಬೇಕಾದವನು ಬಣ್ಣದ ವ್ಯಾಪಾರಿಯಲ್ಲ.

ಮುಂದೆ ಇದೇ ಕ್ರಮ ಮರುಕಳಿಸಿತು. ಚರ್ಮದಲ್ಲಿನ ಆರು ವೇಲೆನ್ಸಿಯ ಕ್ರೋಮಿಯಂಗೆ ಜರ್ಮನಿ 2010ರಲ್ಲಿ ಕಿಲೋಗೆ 3 ಮಿಲಿಗ್ರಾಂ ಮಿತಿ ಹಾಕಿತು. ಅದೇ ಅಂಕಿ 2015ರ ಮೇ 1ರಿಂದ ಒಕ್ಕೂಟದ ನಿಯಮವಾಯಿತು. ಸೋಫಾಗಳಿಗೆ ಬೂಷ್ಟು ಹಿಡಿಯದಿರಲೆಂದು ಒಳಗಿಡುತ್ತಿದ್ದ ಡೈಮಿಥೈಲ್ ಫ್ಯೂಮರೇಟ್ ಚೀಲಗಳಿಂದ ಬಳಕೆದಾರರ ಚರ್ಮ ಸುಟ್ಟಾಗ ಫ್ರಾನ್ಸ್, ಸ್ಪೇನ್ ಮತ್ತು ಬೆಲ್ಜಿಯಂ 2008ರ ಕೊನೆ ಮತ್ತು 2009ರ ಮೊದಲಲ್ಲಿ ತಾವೇ ನಿಷೇಧ ಹೇರಿದವು. 2009ರ ಮಾರ್ಚ್ ವೇಳೆಗೆ ಆಯೋಗದ ತೀರ್ಮಾನವೂ ಬಂದಿತು. ಆಜೋ ಬಣ್ಣಕ್ಕೆ ಎಂಟು ವರ್ಷ, ಕ್ರೋಮಿಯಂಗೆ ಐದು, ಇದಕ್ಕೆ ಕೆಲವೇ ತಿಂಗಳು.

ಗುಂಡಿಯೋ, ಅಂಗಿಯೋ?

ರಾಷ್ಟ್ರಗಳು ಕಾನೂನನ್ನು ಓದುವ ರೀತಿಯಲ್ಲೂ ಭೇದವಿದೆ. ರೀಚ್‌ನ 33ನೆಯ ಅನುಚ್ಛೇದದಂತೆ, ತೀವ್ರ ಕಳವಳಕಾರಿ ಎಂದು ಪಟ್ಟಿ ಮಾಡಿದ ವಸ್ತು ಸರಕಿನಲ್ಲಿ ಶೇಕಡ 0.1ಕ್ಕಿಂತ ಹೆಚ್ಚಿದ್ದರೆ ಖರೀದಿದಾರನಿಗೆ ತಿಳಿಸಬೇಕು. ಗ್ರಾಹಕ ಕೇಳಿದರೆ 45 ದಿನಗಳೊಳಗೆ ಉತ್ತರಿಸಬೇಕು. ಈ ಶೇಕಡ 0.1 ಯಾವುದರ ತೂಕದಲ್ಲಿ? ಇಡೀ ಜಾಕೆಟ್ಟಿನದೋ, ಅದರ ಪ್ಲಾಸ್ಟಿಕ್ ಗುಂಡಿಯದೋ? ಇಡೀ ಸರಕಿನ ಮೇಲೆ ಲೆಕ್ಕ ಹಾಕಬಹುದೆಂಬುದು ಹೆಲ್ಸಿಂಕಿಯ ಮಾರ್ಗದರ್ಶಿಯ ನಿಲುವಾಗಿತ್ತು. ಪ್ರತಿ ಬಿಡಿಭಾಗಕ್ಕೂ ಲೆಕ್ಕ ಬೇರೆ ಎಂದು ಫ್ರಾನ್ಸ್ 2011ರ ಜೂನ್‌ನಲ್ಲಿ ತನ್ನ ವರ್ತಕರಿಗೆ ಸೂಚನೆ ಹೊರಡಿಸಿತು; ಇನ್ನೂ ಕೆಲವು ರಾಷ್ಟ್ರಗಳು ಅದನ್ನೇ ಹಿಡಿದವು. ಫ್ರಾನ್ಸಿನ ಚಿಲ್ಲರೆ ವ್ಯಾಪಾರಿಗಳ ಸಂಘಟನೆಗಳು ಇದನ್ನು ಪ್ರಶ್ನಿಸಿದವು. 2015ರ ಸೆಪ್ಟೆಂಬರ್ 10ರಂದು ಯೂರೋಪಿಯನ್ ನ್ಯಾಯಾಲಯವು ಫ್ರಾನ್ಸಿನ ಓದನ್ನೇ ಎತ್ತಿಹಿಡಿಯಿತು. ಗುಂಡಿ, ಜಿಪ್ಪು, ರಬ್ಬರ್ ಅಚ್ಚು, ಪ್ರತಿಯೊಂದೂ ಅಂದಿನಿಂದ ಲೆಕ್ಕಕ್ಕೆ ಪ್ರತ್ಯೇಕ ವಸ್ತು. 2008ರ ಅಕ್ಟೋಬರ್‌ನಲ್ಲಿ 15 ವಸ್ತುಗಳಿಂದ ಆರಂಭವಾದ ಆ ಪಟ್ಟಿ 250ರ ಆಸುಪಾಸಿಗೆ ಬೆಳೆದಿರುವಾಗ, ಗುಂಡಿಯನ್ನು ಚಿಕ್ಕಪೇಟೆಯ ಸಗಟು ಅಂಗಡಿಯಿಂದ ತರಿಸುವ ಘಟಕಕ್ಕೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರಿನ ಅಗರಬತ್ತಿಯವರಿಗೆ ಬೇರೊಂದು ಬಗೆಯ ರಾಷ್ಟ್ರೀಯ ವೈವಿಧ್ಯ ಎದುರಾಗುತ್ತದೆ. ಸುಗಂಧ ದ್ರವ್ಯಗಳಲ್ಲಿ ಅಲರ್ಜಿಕಾರಕಗಳಿರುವುದರಿಂದ 2009ರ ಸಿ.ಎಲ್.ಪಿ. ವರ್ಗೀಕರಣ ಮತ್ತು ಲೇಬಲ್ ನಿಯಮ ಇಲ್ಲಿ ಪ್ರಸ್ತುತ. ಲೇಬಲ್ ಮಾರಾಟವಾಗುವ ದೇಶದ ಅಧಿಕೃತ ಭಾಷೆಯಲ್ಲಿರಬೇಕು. ಫಿನ್ಲೆಂಡಿಗಾದರೆ ಫಿನ್ನಿಷ್ ಮತ್ತು ಸ್ವೀಡಿಷ್ ಎರಡರಲ್ಲೂ. ಆರೋಗ್ಯಕ್ಕೆ ಅಪಾಯಕಾರಿ ಎಂದು ವರ್ಗೀಕೃತವಾದ ಮಿಶ್ರಣದ ವಿವರವನ್ನು ಆಯಾ ರಾಷ್ಟ್ರ ನೇಮಿಸಿದ ಸಂಸ್ಥೆಗೆ ಸಲ್ಲಿಸಿ, 16 ಅಕ್ಷರ-ಅಂಕಿಗಳ ಸಂಕೇತವನ್ನು ಲೇಬಲ್ ಮೇಲೆ ಮುದ್ರಿಸಬೇಕು. ಒಂದೇ ಪೆಟ್ಟಿಗೆಯನ್ನು ಮಿಲಾನಿಗೂ ಮ್ಯೂನಿಕ್ಕಿಗೂ ಕಳುಹಿಸುವ ಹಳೆಯ ರೂಢಿಗೆ ಇದರಿಂದ ತಡೆ ಬಿದ್ದಿದೆ.

ಹೊಣೆ ಯಾರ ತಲೆಗೆ?

ಕಾನೂನಿನ ದೃಷ್ಟಿಯಿಂದ ಭಾರತದ ತಯಾರಕನ ಮೇಲೆ ರೀಚ್ ನೇರ ಹೊಣೆ ಹೊರಿಸುವುದಿಲ್ಲ. ಹೊಣೆಗಾರ ಅಲ್ಲಿನ ಆಮದುದಾರ. ರಾಸಾಯನಿಕಗಳ ನೋಂದಣಿಯ ವಿಷಯದಲ್ಲಿ, ತಯಾರಕ ನೇಮಿಸಿಕೊಂಡಿದ್ದರೆ, 8ನೆಯ ಅನುಚ್ಛೇದದ ‘ಏಕಮಾತ್ರ ಪ್ರತಿನಿಧಿ’. ಇದನ್ನು ಕೇಳಿ ಸಮಾಧಾನಪಡುವವರುಂಟು. ವ್ಯವಹಾರದಲ್ಲಿ ನಡೆಯುವುದೇ ಬೇರೆ. ಸರಕು ತಡೆಹಿಡಿಯಲ್ಪಟ್ಟರೆ ಆಮದುದಾರ ತನ್ನ ದೇಶಕ್ಕೆ ತೆರುವ ದಂಡ, ದಾಸ್ತಾನು ಹಿಂಪಡೆಯುವ ಖರ್ಚು, ನಾಶಪಡಿಸುವ ಖರ್ಚು ಎಲ್ಲವೂ ನಾವು ಸಹಿ ಮಾಡಿದ ಆ ಒಂದು ಪುಟದ ಆಧಾರದ ಮೇಲೆ ಡೆಬಿಟ್ ನೋಟ್ ಆಗಿ ಬೆಂಗಳೂರಿಗೆ ಬರುತ್ತವೆ. ಮೇಲಾಗಿ, ಒಂದು ರಾಷ್ಟ್ರದ ಅಧಿಕಾರಿ ಗಂಭೀರ ಅಪಾಯವೆಂದು ಗುರುತಿಸಿದ ಸರಕಿನ ವಿವರ, ಮೂಲ ದೇಶದ ಹೆಸರಿನ ಸಮೇತ, ಹಿಂದೆ ರಾಪೆಕ್ಸ್ ಎನಿಸಿಕೊಂಡಿದ್ದ ಸೇಫ್ಟಿ ಗೇಟ್ ಪಟ್ಟಿಯಲ್ಲಿ ಪ್ರಕಟವಾಗಿ ಎಲ್ಲ ರಾಷ್ಟ್ರಗಳಿಗೂ ತಲಪುತ್ತದೆ.

ರಫ್ತುದಾರನೂ ಸುಮ್ಮನಿರುವುದಿಲ್ಲ, ಅದೇ ಒಕ್ಕಣೆಯ ಘೋಷಣೆಯನ್ನು ಜಾಬ್ ವರ್ಕ್ ಮಾಡುವ ಬಣ್ಣದ ಮನೆಯಿಂದ, ಅಚ್ಚಿನ ಘಟಕದಿಂದ ಬರೆಯಿಸಿಕೊಳ್ಳುತ್ತಾನೆ. ಪರೀಕ್ಷೆಯ ವೆಚ್ಚವನ್ನು ಮಾತ್ರ ಅವರ ದರಕ್ಕೆ ಸೇರಿಸುವುದಿಲ್ಲ. ಇದು ನ್ಯಾಯವಲ್ಲವೆಂಬುದಷ್ಟೇ ಅಲ್ಲ, ಜಾಣತನವೂ ಅಲ್ಲ. ಹತ್ತು ಜನರಿಗೆ ಕೆಲಸ ಕೊಟ್ಟ ಸಣ್ಣ ಘಟಕದ ಸಹಿಯಿಂದ ಯಾವ ಡೆಬಿಟ್ ನೋಟಿನ ಮೊತ್ತವೂ ವಸೂಲಾಗದು. ಬೆಂಗಳೂರಿನಲ್ಲಿ ಜವಳಿ ಸಮಿತಿಯ ಪ್ರಯೋಗಾಲಯವಿದೆ. ಪ್ರತಿ ಬಣ್ಣದ ಪ್ರತಿ ಲಾಟ್‌ಗೂ ಪರೀಕ್ಷೆ ದುಬಾರಿಯೆನಿಸಿದರೆ, ಒಂದೇ ಬಡಾವಣೆಯ ನಾಲ್ಕಾರು ಘಟಕಗಳು ಬಣ್ಣವನ್ನು ಒಟ್ಟಾಗಿ ಕೊಂಡು ಒಟ್ಟಾಗಿ ಪರೀಕ್ಷಿಸಿಕೊಳ್ಳುವುದಕ್ಕೆ ಅಡ್ಡಿಯೇನಿದೆ?

ಮುಂಚಿತವಾಗಿ ತಿಳಿಯುವ ದಾರಿಯೂ ಉಂಟು. ಸದಸ್ಯ ರಾಷ್ಟ್ರವೊಂದು ಸರಕುಗಳ ಬಗ್ಗೆ ಹೊಸ ತಾಂತ್ರಿಕ ನಿಯಮ ತರುವ ಮುನ್ನ ಕರಡನ್ನು ಆಯೋಗಕ್ಕೆ ಸಲ್ಲಿಸಿ, ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕೆಂಬ ನಿಯಮವಿದೆ. ಆ ಕರಡುಗಳು ಸಾರ್ವಜನಿಕ. ವಿಶ್ವ ವ್ಯಾಪಾರ ಸಂಸ್ಥೆಗೆ ಸಲ್ಲಿಕೆಯಾಗುವ ತಾಂತ್ರಿಕ ಅಡೆತಡೆಗಳ ಸೂಚನೆಗಳ ಬಗ್ಗೆ ನಮ್ಮಲ್ಲಿ ವಿಚಾರಣಾ ಕೇಂದ್ರವಾಗಿರುವುದು ಭಾರತೀಯ ಮಾನಕ ಬ್ಯೂರೋ. ಈ ಮೂರು ತಿಂಗಳನ್ನು ಬಳಸಿಕೊಂಡ ಉದ್ಯಮಿ ಬಾಂಧವರು ನಮ್ಮಲ್ಲಿ ಎಷ್ಟು ಮಂದಿ?

ಸದ್ಯದ ಎರಡು ವಿಷಯಗಳು

ಬ್ರಿಟನ್ ಒಕ್ಕೂಟವನ್ನು ಬಿಟ್ಟ ಬಳಿಕ 2021ರ ಜನವರಿ 1ರಿಂದ ಅಲ್ಲಿ ಪ್ರತ್ಯೇಕ ಯು.ಕೆ. ರೀಚ್ ಜಾರಿಯಲ್ಲಿದೆ. ಉತ್ತರ ಐರ್ಲೆಂಡಿಗೆ ಮಾತ್ರ ಒಕ್ಕೂಟದ ರೀಚ್ ಮುಂದುವರಿದಿದೆ. ಆದ್ದರಿಂದ ಲಿವರ್‌ಪೂಲಿಗೂ ಬೆಲ್‌ಫಾಸ್ಟಿಗೂ ಒಂದೇ ಘೋಷಣಾ ಪತ್ರ ಸಾಲದು.

ಎರಡನೆಯದು, ನೀರು ಹಿಡಿಯದ ಉಡುಪುಗಳ ಫಿನಿಶಿಂಗ್‌ನಲ್ಲಿ ಬಳಸುವ ಪಿಫಾಸ್ ಎಂಬ ಫ್ಲೋರಿನ್ ಸಂಯುಕ್ತಗಳು. ಇಡೀ ವರ್ಗವನ್ನೇ ನಿರ್ಬಂಧಿಸುವ ಪ್ರಸ್ತಾವನೆಯನ್ನು ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್ ಮತ್ತು ನಾರ್ವೆ 2023ರ ಜನವರಿಯಲ್ಲಿ ಹೆಲ್ಸಿಂಕಿಗೆ ಸಲ್ಲಿಸಿದವು. ಅದು ಇತ್ಯರ್ಥವಾಗುವವರೆಗೆ ಫ್ರಾನ್ಸ್ ಕಾಯಲಿಲ್ಲ. 2025ರ ಫೆಬ್ರವರಿ 27ರ ಅಧಿನಿಯಮದಿಂದ ಉಡುಪು, ಪಾದರಕ್ಷೆ ಮತ್ತು ಸೌಂದರ್ಯವರ್ಧಕಗಳಲ್ಲಿ ಇವುಗಳಿಗೆ, ಕೆಲವು ವಿನಾಯಿತಿಗಳೊಡನೆ, 2026ರ ಜನವರಿ 1ರಿಂದ ನಿಷೇಧ ವಿಧಿಸಿತು. ಡೆನ್ಮಾರ್ಕ್ ಉಡುಪು ಮತ್ತು ಪಾದರಕ್ಷೆಗಳಿಗೆ 2026ರ ಜುಲೈ 1ನ್ನು ಗೊತ್ತುಪಡಿಸಿತು. ಇದೇ ವರ್ಗದ ಪಿ.ಎಫ್.ಎಚ್.ಎಕ್ಸ್.ಎ. ಎಂಬ ಒಂದು ವಸ್ತುವಿಗೆ ಒಕ್ಕೂಟದ ನಿರ್ಬಂಧ ಉಡುಪುಗಳಲ್ಲಿ ಅನ್ವಯವಾಗುವುದು 2026ರ ಅಕ್ಟೋಬರ್ 10ರಿಂದ. ಮಳೆಯಂಗಿ ಅಥವಾ ಕಲೆ ಹಿಡಿಯದ ಪ್ಯಾಂಟಿನ ಆದೇಶ ಕೈಯಲ್ಲಿರುವ ಸದಸ್ಯರು ಫಿನಿಶಿಂಗ್ ರಾಸಾಯನಿಕದ ಸರಬರಾಜುದಾರರಿಂದ ‘ಪಿ.ಎಫ್.ಒ.ಎ. ಇಲ್ಲ’ ಎಂಬ ಹಳೆಯ ಪತ್ರವನ್ನು ಒಪ್ಪದೆ, ಫ್ಲೋರಿನ್ ಅಂಶವೇ ಇಲ್ಲವೆಂಬ ಪರೀಕ್ಷಾ ವರದಿಯನ್ನು ಲಾಟ್ ಸಂಖ್ಯೆಯೊಡನೆ ಪಡೆದುಕೊಳ್ಳಬೇಕು. ಸರಕು ಮೊದಲು ಇಳಿಯುವ ಬಂದರು ಯಾವುದು, ಮಾರಾಟವಾಗುವ ದೇಶ ಯಾವುದು ಎಂಬುದನ್ನು ಘೋಷಣಾ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಖರೀದಿದಾರರಿಂದ ಬರಹದಲ್ಲಿ ಕೇಳಿ ಪಡೆಯಬೇಕು.