ಉಲುರುವಿನ ಮಡಿಲಲ್ಲಿ ಅನಂಗು ಜನರ ಹಬ್ಬ

ಆಸ್ಟ್ರೇಲಿಯಾದ ನಟ್ಟನಡುವೆ, ಕೆಂಪು ಮರಳಿನ ಬಯಲಿನಲ್ಲಿ 348 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ ಉಲುರು ಬಂಡೆ. ಆ ನೆಲದ ಮೂಲನಿವಾಸಿಗಳು ಅನಂಗು ಜನ. ಬಂಡೆಗೆ ಹತ್ತಿರದಲ್ಲೇ ಅವರ ಸಂಸ್ಕೃತಿ ಕೇಂದ್ರವಿದೆ. ಅದು ಬಾಗಿಲು ತೆರೆದದ್ದು 1995ರಲ್ಲಿ. ಕೈತಪ್ಪಿದ್ದ ನೆಲದ ಹಕ್ಕು ಅನಂಗು ಜನಕ್ಕೆ ಮರಳಿ ಆಗ ಹತ್ತು ವರ್ಷ ತುಂಬಿತ್ತು. ಆ ಹತ್ತನೆಯ ವರ್ಷದ ನೆನಪಿಗೆಂದೇ ಕೇಂದ್ರವನ್ನು ತೆರೆದರು.

ನೆಲ ಕೈತಪ್ಪಿದ ಕಥೆ ದೊಡ್ಡದು. 1873ರಲ್ಲಿ ಇಲ್ಲಿಗೆ ಬಂದ ವಿಲಿಯಂ ಗಾಸ್ ಎಂಬಾತ ಬಂಡೆಗೆ ಹೆನ್ರಿ ಏಯರ್ಸ್ ಎಂಬ ರಾಜಕಾರಣಿಯ ಹೆಸರಿಟ್ಟ. 1958ರಲ್ಲಿ ಸರ್ಕಾರ ಮೂಲನಿವಾಸಿಗಳ ಮೀಸಲು ಪ್ರದೇಶದಿಂದ ಬಂಡೆಯನ್ನು ಬೇರ್ಪಡಿಸಿ, ಅದನ್ನು ಪ್ರವಾಸಿಗರ ರಾಷ್ಟ್ರೀಯ ಉದ್ಯಾನವಾಗಿಸಿತು. ಬಂಡೆ ಹತ್ತುವವರ ಅನುಕೂಲಕ್ಕೆ ಸರಪಳಿಯನ್ನೂ ನೆಟ್ಟರು. ಅನಂಗು ಹಿರಿಯರು ವರ್ಷಗಟ್ಟಲೆ ಹೋರಾಡಿದ ಮೇಲೆ, 1985ರ ಅಕ್ಟೋಬರ್ 26ರಂದು ಗವರ್ನರ್ ಜನರಲ್ ನಿನಿಯನ್ ಸ್ಟೀಫನ್ ಬಂಡೆಯ ಬುಡದಲ್ಲೇ ಭೂಮಿಯ ಹಕ್ಕುಪತ್ರವನ್ನು ಅವರ ಕೈಗಿತ್ತರು. ಕೂಡಲೇ ಅನಂಗು ಆ ನೆಲವನ್ನು 99 ವರ್ಷಗಳ ಗುತ್ತಿಗೆಗೆ ಉದ್ಯಾನ ಇಲಾಖೆಗೆ ಬಿಟ್ಟುಕೊಡಬೇಕಾಯಿತು. ಬಂಡೆ ಹತ್ತುವುದನ್ನು ನಿಲ್ಲಿಸುತ್ತೇವೆಂದು ಪ್ರಧಾನಿ ಬಾಬ್ ಹಾಕ್ ಅವರ ಸರ್ಕಾರ ಕೊಟ್ಟಿದ್ದ ಮಾತೂ ಉಳಿಯಲಿಲ್ಲ. ಸಂಭ್ರಮದ ದಿನವೇ ಅರ್ಧ ನ್ಯಾಯದ ದಿನವೂ ಆಗಿತ್ತು. ಆದರೂ ಅನಂಗು ಜನ ಹಾಡಿದರು, ಕುಣಿದರು.

ಹತ್ತು ವರ್ಷಗಳ ಬಳಿಕ ತೆರೆದ ಸಂಸ್ಕೃತಿ ಕೇಂದ್ರವನ್ನು ರೂಪಿಸಿದ ರೀತಿಯೇ ಒಂದು ಪಾಠ. ವಾಸ್ತುಶಿಲ್ಪಿ ಗ್ರೆಗರಿ ಬರ್ಜೆಸ್ ಕಾಗದ ಹಿಡಿದು ಕೂರುವ ಮುಂಚೆ ಅನಂಗು ಜನರ ಜೊತೆ ಕೂತರು. ಆ ಜನ ತಮಗೆ ಬೇಕಾದ ಕಟ್ಟಡವನ್ನು ಮರಳಿನ ಮೇಲೆ ಬರೆದು ತೋರಿಸಿದರು. ಅಲ್ಲಿಯ ಮಣ್ಣಿನಿಂದಲೇ ಇಟ್ಟಿಗೆ ಮಾಡಿ, ಬಳುಕುವ ಗೋಡೆಗಳ ಎರಡು ಕಟ್ಟಡಗಳನ್ನು ಎಬ್ಬಿಸಿದರು. ಒಂದು ಕುನಿಯಾ ಎಂಬ ಹೆಬ್ಬಾವು ತಾಯಿಯ ರೂಪ, ಇನ್ನೊಂದು ಲಿರು ಎಂಬ ವಿಷಸರ್ಪದ ರೂಪ. ಲಿರು ಪಡೆಯವರು ಕುನಿಯಾಳ ಸೋದರಳಿಯನನ್ನು ಈಟಿಗಳಿಂದ ಇರಿದರಂತೆ. ಸಿಟ್ಟಿಗೆದ್ದ ಅವಳು ಮುಟಿಜುಲು ನೀರಿನ ಗುಂಡಿಯ ಬಳಿ ಒಬ್ಬ ಲಿರುವನ್ನು ಹೊಡೆದು ಉರುಳಿಸಿದಳಂತೆ. ಆ ಏಟಿನ ಗುರುತುಗಳನ್ನು ಇಂದಿಗೂ ಬಂಡೆಯ ಮೈಮೇಲೆ ತೋರಿಸುತ್ತಾರೆ. ಹೊರಗಿನವರಿಗೆ ಇದು ಕಥೆ. ಅನಂಗು ಜನರಿಗೆ ಇದು ಚುಕುರ್ಪ, ಅಂದರೆ ಸೃಷ್ಟಿಯ ಕಾಲದಲ್ಲಿ ಹುಟ್ಟಿ ಇಂದಿಗೂ ಬದುಕನ್ನು ನಡೆಸುತ್ತಿರುವ ಕಟ್ಟಳೆ.

ಈ ಚುಕುರ್ಪ ಹಾಡು ಕುಣಿತವಾಗುವುದು ಅನಂಗು ಜನರ ಹಬ್ಬದಲ್ಲಿ. ಆ ಹಬ್ಬದ ಜೀವ ಇರುವುದು ಇನ್ಮದಲ್ಲಿ. ಹಾಡು, ಕುಣಿತ, ಮೈಬಣ್ಣ ಎಲ್ಲ ಸೇರಿದ್ದು ಇನ್ಮ. ಹೆಂಗಸರು ನೆಲದ ಮೇಲೆ ಒತ್ತೊತ್ತಾಗಿ ಕೂತು ತೊಡೆ ತಟ್ಟುತ್ತ ಹಾಡುತ್ತಾರೆ. ಗಂಡಸರು ಕೋಲನ್ನೋ ಬೂಮರಾಂಗನ್ನೋ ತಾಕಿಸಿ ತಾಳ ಹಾಕುತ್ತಾರೆ. ಪ್ರವಾಸಿಗರು ಇಲ್ಲಿ ಉದ್ದನೆಯ ಊದುಗೊಳವೆ ಡಿಜರಿಡೂವನ್ನು ನಿರೀಕ್ಷಿಸುವುದುಂಟು. ಅದು ಉತ್ತರದ ಕರಾವಳಿಯ ಕಡೆಯವರ ವಾದ್ಯ, ಈ ಮರುಭೂಮಿಯದಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳೆಂದರೆ ಒಂದೇ ಬುಡಕಟ್ಟಲ್ಲ, ನೂರಾರು ನುಡಿಗಳ ನೂರಾರು ಜನಾಂಗಗಳು. ಇದನ್ನು ಮರೆತರೆ ಅವರ ಯಾವ ಹಬ್ಬವೂ ನಮಗೆ ಅರ್ಥವಾಗದು.

ಇನ್ಮದ ಹಾಡುಗಳು ಪೂರ್ವಜರು ನಡೆದ ದಾರಿಯನ್ನೇ ಹಿಡಿದು ಸಾಗುತ್ತವೆ. ಒಂದೊಂದು ನುಡಿಯೂ ಒಂದೊಂದು ತಾಣಕ್ಕೆ ಸೇರಿದ್ದು. ಎಲ್ಲಿ ನೀರಿದೆ, ಯಾವ ಜಾಗಕ್ಕೆ ಯಾರು ಹೊಣೆ ಎಂಬ ತಿಳಿವಳಿಕೆಯೂ ಅದರೊಳಗಿರುತ್ತದೆ. ಅದಕ್ಕೇ ಯಾರು ಬೇಕಾದರೂ ಯಾವುದನ್ನು ಬೇಕಾದರೂ ಹಾಡುವಂತಿಲ್ಲ. ಕೆಲವು ಗಂಡಸರಿಗೆ ಮಾತ್ರ, ಕೆಲವು ಹೆಂಗಸರಿಗೆ ಮಾತ್ರ. ಎಲ್ಲರೆದುರು ಹಾಡಬಹುದಾದವನ್ನಷ್ಟೇ ಹಬ್ಬದಲ್ಲಿ ಹಾಡುತ್ತಾರೆ. ಮೊಮ್ಮಕ್ಕಳು ಅಜ್ಜಿಯರ ಪಕ್ಕದಲ್ಲಿ ಹೆಜ್ಜೆ ಹಾಕುತ್ತ ಕಲಿಯುತ್ತಾರೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ: ಪ್ರೇಕ್ಷಕರು ಎಷ್ಟೇ ಇರಲಿ, ಕುಣಿತ ಮೊದಲು ಆ ಮಕ್ಕಳಿಗೆ ಮತ್ತು ಆ ನೆಲಕ್ಕೆ.

ಹಬ್ಬದ ಊಟದಲ್ಲಿ ಕಾಂಗರೂ ಬಾಲ ಇರುವುದುಂಟು. ಕೂದಲು ಸುಟ್ಟು, ಹೆರೆದು, ಕೆಂಡ ಬೂದಿಯಲ್ಲಿ ಹೂತು ಬೇಯಿಸುತ್ತಾರೆ.

ಸಂಸ್ಕೃತಿ ಕೇಂದ್ರದೊಳಗೆ ಫೋಟೋ ತೆಗೆಯುವಂತಿಲ್ಲ. ಹಂಚಿಕೊಳ್ಳುವುದೇನು, ಮುಚ್ಚಿಡುವುದೇನು ಎಂದು ತೀರ್ಮಾನಿಸುವವರು ಆ ನೆಲದ ಮನೆಯವರಾದ ಅನಂಗು ಜನರೇ. ಉದ್ಯಾನದ ಆಡಳಿತ ಮಂಡಳಿಯ 12 ಸದಸ್ಯರಲ್ಲಿ 8 ಮಂದಿ ಅನಂಗು. ಬಂಡೆ ಹತ್ತುವುದನ್ನು ನಿಲ್ಲಿಸಬೇಕೆಂದು ಮಂಡಳಿ 2017ರಲ್ಲಿ ಒಮ್ಮತದಿಂದ ನಿರ್ಣಯಿಸಿತು. 2019ರ ಅಕ್ಟೋಬರ್ 26ರಿಂದ, ಅಂದರೆ ಹಕ್ಕುಪತ್ರ ಕೈಗೆ ಬಂದ 34ನೇ ವರ್ಷದ ದಿನದಿಂದಲೇ, ಅದು ಜಾರಿಗೆ ಬಂತು. ಆಮೇಲೆ ಸರಪಳಿಯನ್ನೂ ಕಿತ್ತುಹಾಕಿದರು.